ಟಿವಿ ನಂಬದ ಮನೆ

ನೆನಪಿನಿಂದ ಬರೆದದ್ದನ್ನು ನಾನು ನಂಬುವುದಿಲ್ಲ. ಅದಕ್ಕೇ ಖಚಿತವಾಗಿ ಗೊತ್ತಿರುವುದನ್ನು ಮೊದಲು ಬರೆದಿಡುತ್ತೇನೆ. ಹ್ಯೂಸ್ಟನ್ನಿನಲ್ಲಿ ನನ್ನ ಅಕ್ಕನ ಮನೆ ಇದೆ. ಆ ಮನೆಯ ಟಿವಿಯಲ್ಲಿ, ಅಕ್ಕ ತಿಂಗಳು ತಿಂಗಳೂ ಚಂದಾ ಕಟ್ಟುವ ಒಂದು ಸಿನಿಮಾ ಆ್ಯಪ್ ಇದೆ. ಒಂದು ಶನಿವಾರ ಮಧ್ಯಾಹ್ನ ಆ ಆ್ಯಪ್ ಅವಳಿಗೆ, ನೀವು ಎಲ್ಲಿದ್ದೀರಿ ಎಂಬುದನ್ನು ಮರೆಮಾಚುತ್ತಿರುವಂತೆ ಕಾಣುತ್ತದೆ, ಅದನ್ನು ನಿಲ್ಲಿಸಿ ಮತ್ತೆ ಬನ್ನಿ, ಎಂದಿತು. ಅಕ್ಕ ಆಗ ತನ್ನ ಸೋಫಾದ ಮೇಲೆ ಕಾಲು ಮಡಚಿ ಕೂತು ಗಿರ್ಮಿಟ್ ತಿನ್ನುತ್ತಿದ್ದಳು. ನೋಯುವ ಮೊಣಕಾಲಿನ ಮೇಲೆ ಹೊದ್ದ ಶಾಲು ಬಿಟ್ಟರೆ ಅವಳು ಏನನ್ನೂ ಮುಚ್ಚಿಟ್ಟಿರಲಿಲ್ಲ.

ಇಷ್ಟು ಖಚಿತ. ಗಿರ್ಮಿಟ್ ಕೂಡ ಪೂರ್ತಿ ಖಚಿತವಲ್ಲ. ಅವಳು ಏನೋ ಅಗಿಯುತ್ತಿದ್ದುದು ಫೋನಿನಲ್ಲಿ ಕೇಳಿಸಿತು, ಉಳಿದದ್ದನ್ನು ನಾನೇ ಬಡಿಸಿದೆ.

ಫೋನು ಯಾಕೆಂದರೆ ಅದು ನಮ್ಮ ಪದ್ಧತಿ. ಅಕ್ಕ ಹ್ಯೂಸ್ಟನ್ನಿನಲ್ಲಿ, ನಾನು ಡಲ್ಲಾಸಿನ ಪಕ್ಕ ಫ್ಲವರ್ ಮೌಂಡಿನಲ್ಲಿ, ತಮ್ಮ ಆಸ್ಟಿನ್ನಿನಲ್ಲಿ. ಹುಬ್ಬಳ್ಳಿಯ ಒಂದೇ ಓಣಿಯಲ್ಲಿ ಬೆಳೆದ ಮೂವರು ಇಷ್ಟು ದೂರ ಬಂದು, ಒಂದೇ ರಾಜ್ಯದಲ್ಲಿದ್ದೇವೆ ಎಂದು ಬೀಗುತ್ತ, ಒಬ್ಬರ ಮುಖ ಒಬ್ಬರು ನೋಡಲು ಅರ್ಧ ದಿನ ಡ್ರೈವ್ ಮಾಡಬೇಕಾದಷ್ಟು ಚದುರಿ ಕೂತಿದ್ದೇವೆ. ಹೀಗಾಗಿ ಶನಿವಾರ ಊಟವಾದ ಮೇಲೆ ಮೂರೂ ಮನೆಗಳಲ್ಲಿ ಒಂದೇ ಕನ್ನಡ ಸಿನಿಮಾ ಹಾಕುತ್ತೇವೆ. ಫೋನು ಸ್ಪೀಕರಿನಲ್ಲಿರುತ್ತದೆ. ಎಣಿಸುವ ಹಕ್ಕು ಹಿರಿಯಳಾದ ಅಕ್ಕನದು. ಅವಳು ಒಂದು, ಎರಡು, ಮೂರು ಎಂದ ಮೇಲೆ ಮೂವರೂ ರಿಮೋಟ್ ಒತ್ತಬೇಕು. ಯಾರದಾದರೂ ಇಂಟರ್ನೆಟ್ ಹಿಂದೆ ಬಿದ್ದು, ಆಸ್ಟಿನ್ನಿನಲ್ಲಿ ಸತ್ತ ನಾಯಕ ಹ್ಯೂಸ್ಟನ್ನಿನಲ್ಲಿ ಇನ್ನೂ ಹಾಡುತ್ತಿದ್ದರೆ ಎಲ್ಲರೂ ನಿಲ್ಲಿಸಿ ಮತ್ತೆ ಎಣಿಸಬೇಕು. ನಿಯಮ ಒಂದೇ: ಯಾರೂ ಮೊದಲೇ ನೋಡಬಾರದು. ಮೊದಲೇ ನೋಡಿದವರು ಬಾಯಿ ಬಿಡುತ್ತಾರೆ. ಬಾಯಿ ಬಿಟ್ಟರೆ ಉಳಿದವರು ನೋಡುವುದು ಸಿನಿಮಾವನ್ನಲ್ಲ, ಅವರು ಹೇಳಿದ್ದನ್ನು. ಈ ನಿಯಮ ಅಕ್ಕನದು. ನಾನು ಕೇಳಿದ ನಿಯಮಗಳಲ್ಲೆಲ್ಲ ಬುದ್ಧಿವಂತವಾದದ್ದು ಇದೇ ಎಂದು ಅವಳಿಗೆ ಹೇಳಿಲ್ಲ.

ಆ ಶನಿವಾರದ ಸಿನಿಮಾವನ್ನು ಸಿನಿಮಾ ಎಂದು ಯಾರೂ ಹೊಗಳಿದ್ದಿಲ್ಲ. ನಾನು ಕಾಲೇಜಿಗೆ ಹೋಗುತ್ತಿದ್ದಾಗ ನಮ್ಮ ಓಣಿಯಲ್ಲಿ ಅದರ ಒಂದು ಸ್ಕೂಟರ್ ಚೇಸ್ ತೆಗೆದಿದ್ದರು. ಥಿಯೇಟರಿಗೆ ಬಂತು ಅನ್ನುವಷ್ಟರಲ್ಲಿ ಹೋಯಿತು. ಕ್ಯಾಸೆಟ್ ಬರಲಿಲ್ಲ, ಟಿವಿಯಲ್ಲಿಯೂ ಬರಲಿಲ್ಲ. ಇಷ್ಟು ವರ್ಷಗಳ ಮೇಲೆ ಈ ಆ್ಯಪ್‌ನವರು ಹಳೆಯ ಕನ್ನಡ ಸಿನಿಮಾಗಳನ್ನು ಚೀಲ ಬಿಚ್ಚಿ ಸುರಿದಾಗ ಅದರೊಂದಿಗೆ ಇದೂ ಬಿತ್ತು. ಸುರಿದವರಿಗೆ ಏನು ಸುರಿದೆವೆಂದು ಗೊತ್ತಿರಲಿಲ್ಲ, ಪೋಸ್ಟರಿನ ಜಾಗದಲ್ಲಿ ಬೇರೆ ಯಾವುದೋ ಸಿನಿಮಾದ ಚಿತ್ರವಿತ್ತು. ಕೆಳಗೆ ಮಾತ್ರ, ತಿಂಗಳ ಕೊನೆಗೆ ಇದನ್ನು ತೆಗೆಯಲಾಗುವುದು ಎಂದು ಸರಿಯಾಗಿ ಬರೆದಿದ್ದರು. ತೆಗೆಯುವುದರಲ್ಲಿ ಇವರು ಎಂದೂ ತಪ್ಪುವುದಿಲ್ಲ.

ಆ ಸ್ಕೂಟರ್ ಹಾದುಹೋಗುವುದು ನಮ್ಮ ಅಪ್ಪನ ಅಂಗಡಿಯ ಮುಂದೆ. ಅಪ್ಪ ಪಂಪ್‌ಸೆಟ್ಟು ಮತ್ತು ಪೈಪು ಮಾರುತ್ತಿದ್ದ. ಈ ಪೈಪಿಗೂ ಮುಂದೆ ಬರಲಿರುವ ಟನಲ್ಲಿಗೂ ನಂಟು ಕಟ್ಟಿ ಸಂತೋಷಪಡುವ ಓದುಗರಿದ್ದರೆ ಇಲ್ಲಿಯೇ ಇಳಿದುಬಿಡಬಹುದು. ಪೈಪು ಮಾರುತ್ತಿದ್ದ, ಅಷ್ಟೆ. ಎಲ್ಲರ ಜೇಬಿಗೂ ಕ್ಯಾಮೆರಾ ಬರುವ ಮೊದಲೇ ಅವನು ಸತ್ತ. ಫೋಟೊಗಳಿವೆ, ಎಲ್ಲದರಲ್ಲೂ ಉಸಿರು ಬಿಗಿಹಿಡಿದು ನಿಂತಿದ್ದಾನೆ. ಅಕ್ಕನ ಮದುವೆಯ ವಿಡಿಯೊ ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿತ್ತು, ಸ್ವಚ್ಛ ಮಾಡಲು ಕೊಟ್ಟರೆ ಅಂಗಡಿಯವನು ಅದರಲ್ಲಿದ್ದ ಮದುವೆಯನ್ನೇ ಸ್ವಚ್ಛ ಮಾಡಿ ಕೊಟ್ಟ. ಅಪ್ಪ ಕೈ ಆಡಿಸುವುದು, ಹೊರಳಿ ನೋಡುವುದು, ಒಂದು ಮೆಟ್ಟಿಲು ಇಳಿಯುವುದು ಎಲ್ಲಿಯೂ ಉಳಿದಿಲ್ಲ. ಉಳಿದಿದ್ದರೆ ಆ ಸಿನಿಮಾದಲ್ಲಿ ಮಾತ್ರ. ಅಕ್ಕನಿಗೆ ಬೇಕಾಗಿದ್ದುದು ಅದು. ಅಪ್ಪ ಅಲ್ಲಾಡುವುದನ್ನು ಇನ್ನೊಮ್ಮೆ ನೋಡಬೇಕು, ತಿಂಗಳು ಮುಗಿಯುವುದರೊಳಗೆ ನೋಡಬೇಕು.

ಅಪ್ಪ ಅದರಲ್ಲಿ ಇದ್ದಾನೋ ಇಲ್ಲವೋ ಎಂಬುದು ನಮ್ಮಲ್ಲಿ ಹರಿಯದ ಜಗಳ. ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದ, ಕ್ಯಾಮೆರಾದವರು ಸರಿಯಿರಿ ಎಂದರೂ ಸರಿಯಲಿಲ್ಲ: ಇದು ಅಕ್ಕನ ನೆನಪು. ಗದ್ದಲಕ್ಕೆ ಸಿಟ್ಟಾಗಿ ಶಟರ್ ಎಳೆದು ಊಟಕ್ಕೆ ಬಂದುಬಿಟ್ಟ, ತಾಟು ಹಾಕಿದವಳು ನಾನೇ: ಇದು ನನ್ನದು. ತಮ್ಮ ಆಗ ಸಣ್ಣವನು. ಅಪ್ಪನ ಹೆಗಲ ಮೇಲೆ ಕೂತು ಶೂಟಿಂಗ್ ನೋಡಿದೆ ಎನ್ನುತ್ತಾನೆ. ಅದು ಕಾಕಾನ ಹೆಗಲು ಎಂದು ಅಕ್ಕ, ಹೆಗಲೇ ಇರಲಿಲ್ಲ, ನಿನ್ನನ್ನು ಮನೆಯಲ್ಲಿ ಕೂಡಿಹಾಕಿದ್ದರು ಎಂದು ನಾನು. ಮೂರು ನೆನಪುಗಳೂ ಬಹಳ ಚೊಕ್ಕವಾಗಿವೆ. ನನಗೆ ಅವುಗಳ ಮೇಲೆ ಸಂಶಯ ಹುಟ್ಟುವುದು ಅದಕ್ಕೇ.

"ಒಂದು, ಎರಡು, ಮೂರು," ಎಂದಳು ಅಕ್ಕ. ಒತ್ತಿದೆವು. ಫೋನಿನಲ್ಲಿ ಅಗಿಯುವ ಸದ್ದು ನಿಂತಿತು.

"ಏ, ನಿಲ್ಲಸ್ರಿ, ನಿಲ್ಲಸ್ರಿ. ನಂದು ಬರವಲ್ದು."

"ಏನ ಅಂತೈತಿ, ದೊಡ್ಡಕ್ಕ?" ತಮ್ಮ ಕೇಳಿದ.

"ನಾ ಎಲ್ಲಿದೀನಿ ಅನ್ನೂದನ್ನ ಮುಚ್ಚಿಟ್ಟೀನಂತ. ಮುಚ್ಚಿಡೂದು ಬಿಟ್ಟು ಬಾ ಅನ್ನಾಕತ್ತೈತಿ."

"ಎಲ್ಲಿ ಅದೀ ನೀ?"

"ಎಲ್ಲಿರ್ಲಿ? ನನ್ನ ಮನ್ಯಾಗ ಅದೀನಿ."

ನನ್ನ ಟಿವಿಯಲ್ಲಿಯೂ ಅದೇ ಮಾತು ಮೂಡಿತ್ತು. "ನಂದು ಬರಾಕತ್ತಿತ್ತು, ನಿಲ್ಲಿಸೀನಿ," ಎಂದ ತಮ್ಮ, ತಪ್ಪೇ ಮಾಡದವನ ದನಿಯಲ್ಲಿ.

ಕಾರಣ ಟನಲ್. ಎರಡೂ ಮನೆಗಳಿಗೆ ಅದನ್ನು ಹಾಕಿದವಳು ನಾನು, ಅದಕ್ಕೆ ನನಗೆ ನಾಚಿಕೆಯೇನಿಲ್ಲ. ನನ್ನ ಹೊಟ್ಟೆಪಾಡು ನೆಟ್‌ವರ್ಕ್ ಕೆಲಸ. ಇಂಟರ್ನೆಟ್ಟಿನಲ್ಲಿ ಹಳೆಯ ಥರದ ವಿಳಾಸಗಳಿವೆ, ಹೊಸ ಥರದವು ಇವೆ. ನಮ್ಮ ಬೀದಿಗೆ ಕೇಬಲ್ ಎಳೆದ ಕಂಪನಿ ಹೊಸವನ್ನು ಇವತ್ತು ಕೊಡುತ್ತೇವೆ, ನಾಳೆ ಕೊಡುತ್ತೇವೆ ಎನ್ನುತ್ತ ವರ್ಷಗಳನ್ನು ತಳ್ಳಿದೆ. ಅವಿಲ್ಲದೆ ಮನೆಯಿಂದ ನನ್ನ ಕೆಲಸ ನಡೆಯುವುದಿಲ್ಲ. ಹಾಗಾಗಿ ಇರುವ ದಾರಿಯೊಳಗೇ ಇನ್ನೊಂದು ದಾರಿ ತೂರಿಸಿ, ಬೇರೆಯವರ ಹತ್ತಿರ ಹೊಸ ವಿಳಾಸ ತರಿಸಿಕೊಂಡಿದ್ದೇನೆ. ಅದಕ್ಕೆ ಟನಲ್ ಎನ್ನುತ್ತಾರೆ. ನನ್ನ ಟನಲ್ಲಿನ ಇನ್ನೊಂದು ತುದಿ ಇರುವುದು ಡಲ್ಲಾಸಿನಲ್ಲಿ. ಫ್ಲವರ್ ಮೌಂಡಿನಲ್ಲಿ ಕೂತು ಡಲ್ಲಾಸಿನವಳೆಂದು ಸೋಗು ಹಾಕಿ ನಾನು ಯಾರ ಸ್ವತ್ತು ಕದಿಯಬೇಕು?

ಅಕ್ಕನ ಮನೆಯದು ಬೇರೆ ಕತೆ. ಒಂದು ಬಿರುಗಾಳಿಗೆ ಅವರ ಬೀದಿಯ ಕೇಬಲ್ ಹರಿಯಿತು. ದುರಸ್ತಿಗೆ ಕಾದು ಸಾಕಾಗಿ ಮೊಬೈಲ್ ಟವರಿನಿಂದ ಬರುವ ಇಂಟರ್ನೆಟ್ ಹಾಕಿಸಿಕೊಂಡರು. ಭಾವ ಇಳಕಲ್ಲಿನಿಂದ ಗ್ರಾನೈಟ್ ತರಿಸಿ ಇಲ್ಲಿಯವರ ಅಡುಗೆಮನೆ ಕಟ್ಟೆಗಳಿಗೆ ಮಾರುತ್ತಾರೆ. ಕಲ್ಲಿನ ಯಾರ್ಡಿನ ಕ್ಯಾಮೆರಾ ಮನೆಯಲ್ಲಿ ಕಾಣಬೇಕು, ಮನೆಯದು ಯಾರ್ಡಿನಲ್ಲಿ ಕಾಣಬೇಕು ಎಂಬುದು ಅವರ ಹಟ. ಟವರಿನ ಇಂಟರ್ನೆಟ್ಟಿನಲ್ಲಿ ಹೊರಗಿನಿಂದ ಮನೆಯನ್ನು ಮುಟ್ಟಲಾಗುವುದಿಲ್ಲ. ಆದ್ದರಿಂದ ಮನೆಗೂ ಯಾರ್ಡಿಗೂ ನಡುವೆ ನಾನು ಟನಲ್ ಹಾಕಿಕೊಟ್ಟೆ.

ಆ್ಯಪ್‌ಗೆ ಇದಾವುದೂ ಬೇಡ. ಟನಲ್ಲಿನಿಂದ ಬಂದವರೆಲ್ಲ ಬೇರೆ ದೇಶದಲ್ಲಿ ಕೂತು ಇಲ್ಲಿಯವರಂತೆ ನಟಿಸುವ ಕಳ್ಳರು, ಅಲ್ಲಿಗೆ ಅದರ ಬುದ್ಧಿ ಮುಗಿಯಿತು. ಕೊಡೆ ಹಿಡಿದವರೆಲ್ಲ ಮುಖ ಮರೆಸಿಕೊಂಡವರೆಂದು ಕೊಡೆ ಕಸಿಯುವ ಪೊಲೀಸನಿದ್ದರೆ, ಅವನಿಗೂ ಮಳೆ ಬರುತ್ತಿರುವುದಾದರೂ ಗೊತ್ತಿರುತ್ತದೆ.

ನನ್ನ ಟನಲ್ ಬಂದ್ ಮಾಡಿದೆ. ನನ್ನ ಟಿವಿ ತೆಪ್ಪಗೆ ಸಿನಿಮಾದ ಮೊದಲ ಚಿತ್ರ ತೋರಿಸಿತು, ನಿಲ್ಲಿಸಿದೆ. ಅಕ್ಕನಿಗೆ ಫೋನಿನಲ್ಲಿಯೇ ಹೇಳಿ ಟನಲ್ಲಿನ ಡಬ್ಬಿಯ ವೈರು ಕೀಳಿಸಿದೆ.

"ಕಿತ್ತೆ. ನೀಲಿ ದೀಪ ಹೋತು," ಎಂದಳು. ಸ್ವಲ್ಪ ಹೊತ್ತಿಗೆ, "ಮತ್ತ ಅದನ್ನ ಅನ್ನಾಕತ್ತೈತಿ," ಎಂದಳು.

ಟವರಿನ ಇಂಟರ್ನೆಟ್ಟಿನಲ್ಲಿ ಇಡೀ ಬಡಾವಣೆ ಒಂದೇ ವಿಳಾಸ ಹಂಚಿಕೊಳ್ಳುತ್ತದೆ. ಅದರಲ್ಲಿ ಯಾರೋ ಎಂದೋ ಏನೋ ಮಾಡಿರಬೇಕು, ಅಥವಾ ಏನೂ ಮಾಡದೆ ಇದ್ದಿರಬೇಕು. ಆ್ಯಪ್ ಬಡಾವಣೆಯನ್ನೇ ಕಳ್ಳರ ಕೇರಿ ಎಂದು ತೀರ್ಮಾನಿಸಿತ್ತು. ಇದನ್ನು ವಿವರಿಸಿದೆ. ಅಕ್ಕ ಕೇಳಿಸಿಕೊಂಡು, ತನ್ನದೇ ತೀರ್ಮಾನ ಕೊಟ್ಟಳು.

"ನಾ ಹೇಳ್ಲಿ? ಕನ್ನಡ ಕಂಡೈತಿ ಅದಕ್ಕ. ಟಿವಿ ಭಾಷಾ ಕನ್ನಡ ಇಟ್ಟೀನಿ, ನೋಡೂದು ಬರೇ ಕನ್ನಡ ಸಿನಿಮಾ. ಈಕಿ ಹುಬ್ಬಳ್ಳ್ಯಾಗ ಕುಂತಾಳ ಅಂತ ತಿಳಕೊಂಡೈತಿ."

"ಅಕ್ಕಾ, ಅದು ಹಂಗ ನೋಡೂದಿಲ್ಲ. ನಂಬರ್ ಅಷ್ಟ ನೋಡತೈತಿ."

"ಏರ್‌ಪೋರ್ಟಿನಾಗೂ ಹಂಗ ಅಂದಿದ್ದಿ. ಯಂತ್ರ ಆರಿಸತೈತಿ, ಮಾರಿ ನೋಡೂದಿಲ್ಲ ಅಂತ. ಪ್ರತಿ ಸಲ ನಿಮ್ಮ ಭಾವನ್ನ ಬಾಜೂಕ ನಿಲ್ಲಸ್ತಾರ."

ಮುಂದಿನ ವಾರವಿಡೀ ಹ್ಯೂಸ್ಟನ್ನಿನ ಆ ಮನೆ ಟಿವಿಯ ಮುಂದೆ ಅಮೆರಿಕನ್ ಆಗಲು ಹೆಣಗಿತು. ಅಕ್ಕ ಟಿವಿಯ ಭಾಷೆ ಇಂಗ್ಲಿಷಿಗೆ ಬದಲಿಸಿದಳು. ಅಡುಗೆ ಸ್ಪರ್ಧೆಗಳನ್ನು ಹಚ್ಚಿಟ್ಟು ರೊಟ್ಟಿ ಬಡಿದಳು. ಈ ಆ್ಯಪ್ ಕಳ್ಳರೆಂದು ಹೆಸರಿಟ್ಟವರಿಗೂ ತನ್ನ ಸ್ವಂತ ಸರಕನ್ನು ತೋರಿಸುತ್ತದೆ, ಬೇರೆಯವರಿಂದ ಬಾಡಿಗೆಗೆ ತಂದದ್ದನ್ನು ಮಾತ್ರ ಬಚ್ಚಿಡುತ್ತದೆ. ಚಂದಾ ಮಾತ್ರ ಎಲ್ಲ ಕಳ್ಳರಿಂದಲೂ ಸಮನಾಗಿ ತೆಗೆದುಕೊಳ್ಳುತ್ತದೆ. ಭಾವನನ್ನು ಕೂರಿಸಿ, ಹಳೆಯ ಮನೆ ಒಡೆದು ಹೊಸದಾಗಿ ಕಟ್ಟುವ ಕಾರ್ಯಕ್ರಮ ತೋರಿಸಿದಳು. ಭಾವನಿಗೆ ಅದು ಹಿಡಿಸಿಬಿಟ್ಟಿತು. ನಾನು ಫೋನ್ ಮಾಡಿದಾಗಲೆಲ್ಲ ಹಿಂದಿನಿಂದ ಅವರ ದನಿ: "ಅದು ಗ್ರಾನೈಟ್ ಅಲ್ಲ, ನೋಡ ಇಲ್ಲಿ, ಕ್ವಾರ್ಟ್ಜ್ ತೋರಿಸಿ ಗ್ರಾನೈಟ್ ಅನ್ನಾಕತ್ತಾನ ಮಗಾ."

"ನೀವು ಸುಮ್ನ ನೋಡ್ರಿ. ಕನ್ನಡದಾಗ ಬೈಬ್ಯಾಡ್ರಿ, ಕೇಳಸ್ತೈತಿ ಅದಕ್ಕ," ಎಂದು ಅಕ್ಕ.

ನಾನು ನಕ್ಕೆ. ಈಗ ಆ ನಗು ನೆನಪಾದರೆ ಹೇಸಿಕೆಯಾಗುತ್ತದೆ. ಅಕ್ಕನ ಹುಚ್ಚು ಊಹೆಯಲ್ಲಿ ಒಂದು ಮರ್ಯಾದೆಯಿತ್ತು: ತನ್ನನ್ನು ಯಾರೋ ನೋಡುತ್ತಿದ್ದಾರೆ, ನೋಡಿ ತಪ್ಪು ತಿಳಿದಿದ್ದಾರೆ, ಸರಿಯಾಗಿ ತೋರಿಸಿಕೊಂಡರೆ ಸರಿಯಾಗಿ ತಿಳಿಯುತ್ತಾರೆ. ಯಾರೂ ನೋಡುತ್ತಿರಲಿಲ್ಲ. ಅದನ್ನು ಅವಳಿಗೆ ಹೇಗೆ ಹೇಳಬೇಕು?

ಕಸ್ಟಮರ್ ಕೇರ್‌ಗೂ ಮಾಡಿದೆವು, ಮೂವರ ಫೋನು ಜೋಡಿಸಿ. ಮಾತು ಇಂಗ್ಲಿಷಿನಲ್ಲಿ ನಡೆಯಿತು. ಕನ್ನಡಕ್ಕೆ ತಂದರೆ ಇದ್ದುದಕ್ಕಿಂತ ಬುದ್ಧಿವಂತವಾಗಿ ಕೇಳಿಸುವ ಅಪಾಯವಿದೆ. ಆ ಕಡೆಯ ಮನುಷ್ಯ ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ ಎಂದು ಬೇಸರ ಕೇಳುವ ಮೊದಲೇ ಹೇಳಿದ. ಎಲ್ಲಿಂದ ಮಾತಾಡುತ್ತಿದ್ದೀರಿ ಎಂದ. ಅಕ್ಕ ಹ್ಯೂಸ್ಟನ್ ಎಂದಳು, ಬೀದಿ ಹೇಳಿದಳು, ಬೀದಿಯ ಮೂಲೆಯ ಪೆಟ್ರೋಲ್ ಬಂಕ್ ಹೇಳಿದಳು.

"ಸರಿ ಮೇಡಂ, ನೀವು ಹ್ಯೂಸ್ಟನ್ನಿನಲ್ಲಿರುವುದು ನಮಗೂ ಕಾಣುತ್ತಿದೆ," ಎಂದ ಅವನು.

"ಕಾಣುತ್ತಿದ್ದರೆ, ನಾನು ಮುಚ್ಚಿಟ್ಟದ್ದು ಏನು?"

ಅವನು ಸ್ವಲ್ಪ ಹೊತ್ತು ಟೈಪ್ ಮಾಡಿದ. ನಿಮ್ಮ ಇಂಟರ್ನೆಟ್ ಕಂಪನಿಯನ್ನು ಕೇಳಿ ಎಂದ. ಇಂಟರ್ನೆಟ್ ಕಂಪನಿಯವಳು ಆ್ಯಪ್‌ನವರನ್ನು ಕೇಳಿ ಎಂದಳು. ಇಬ್ಬರೂ ಕೊನೆಯಲ್ಲಿ, ಇನ್ನೇನಾದರೂ ಸಹಾಯ ಬೇಕೆ ಎಂದು ಕೇಳಿದರು. ಇನ್ನೇನಾದರೂ!

ತಮ್ಮನನ್ನು ನಾನು ಬೇರೆಯಾಗಿ ಹಿಡಿದುಕೊಂಡೆ. ಅವನ ಕೆಲಸ ಏನೆಂದು ಇಷ್ಟು ದಿನ ಯಾರೂ ಸರಿಯಾಗಿ ಕೇಳಿರಲಿಲ್ಲ. ಕೇಳಿದರೆ ಡೇಟಾ ಎನ್ನುತ್ತಿದ್ದ, ಅಲ್ಲಿಗೆ ಎಲ್ಲರಿಗೂ ನಿದ್ದೆ ಬರುತ್ತಿತ್ತು. ನನಗೆ ಗೊತ್ತಿತ್ತು. ಆಸ್ಟಿನ್ನಿನ ದ ಡೊಮೇನ್ ಎಂಬ ಅಂಗಡಿ ಬಡಾವಣೆಯ ಒಂದು ಆಫೀಸಿನಲ್ಲಿ ಕೂತು ಅವನ ಕಂಪನಿ ಲೋಕದ ಇಂಟರ್ನೆಟ್ ವಿಳಾಸಗಳಿಗೆಲ್ಲ ಗುಣನಡತೆಯ ಅಂಕ ಕೊಡುತ್ತದೆ, ಆ ಅಂಕಗಳನ್ನು ಇಂಥ ಆ್ಯಪ್‌ಗಳಿಗೆ ಮಾರುತ್ತದೆ. ಈ ಆ್ಯಪ್ ಅವನ್ನು ಕೊಳ್ಳುತ್ತದೋ ಇಲ್ಲವೋ ಅವನು ಬಾಯಿ ಬಿಡಲಿಲ್ಲ.

"ಸ್ಕೋರ್ ನಂದು ಅಲ್ಲ, ಸಣ್ಣಕ್ಕ. ಅದು ಬ್ಯಾರೆ ಟೀಮ್. ನಾ ಬರೇ ಅದನ್ನ ತೋರಸೂ ಡ್ಯಾಶ್‌ಬೋರ್ಡ್ ಮಾಡತೀನಿ."

"ಅಕ್ಕನ ಅಡ್ರೆಸ್ ಹಾಕಿ ನೋಡು."

"ನೋಡಾಕ ಬರಾಂಗಿಲ್ಲ. ಯಾರು ನೋಡಿದ್ರು ಅಂತ ಗೊತ್ತಾಗತೈತಿ."

"ಅಂದ್ರ ಆಗಲೇ ನೋಡಿಬಿಟ್ಟೀ."

"ಹೈ ಐತಿ," ಎಂದ.

"ಹೈ ಅಂದ್ರ?"

"ರಿಸ್ಕಿ ಅಂತ. ಏನ ಮಾಡೂದು, ಬಲಿ ಬೀಸಿದ್ರ ಒಂದಿಷ್ಟು ಚಲೋ ಮಂದೀನೂ ಸಿಗತಾರ. ಅದಕ್ಕ ನಾವು ಫಾಲ್ಸ್ ಪಾಸಿಟಿವ್ ಅಂತೀವಿ."

"ನಾವು ಅಕ್ಕ ಅಂತೀವಿ."

"ಈಗ ನನ್ನ ಮ್ಯಾಲ್ಯಾಕ ಸಿಟ್ಟು? ಇಲ್ಲಿಗೆ ಬರಾಕ ಹೇಳು ದೊಡ್ಡಕ್ಕಗ. ನಂದು ಬರಾಕತ್ತೈತಿ. ಇಲ್ಲಂದ್ರ ನಾನ ಟಿವಿನ ಫೋನಿನಾಗ ಶೂಟ್ ಮಾಡಿ ಕಳಸ್ತೀನಿ."

ಎರಡನ್ನೂ ಅಕ್ಕನಿಗೆ ಹೇಳಿದೆ. ಶೂಟ್ ಮಾಡಿ ಕಳಿಸುವುದು ಬೇಡ ಎಂದಳು. "ಅಂವಾ ಮೊದಲ ನೋಡಿದಂಗ ಆತಲ್ಲ. ಅಪ್ಪ ಅದಾನ ಅಂದ್ರೂ ಅವನ ಮಾತು, ಇಲ್ಲ ಅಂದ್ರೂ ಅವನ ಮಾತು." ಆಸ್ಟಿನ್ನಿಗೆ ಹೋಗುವುದಕ್ಕೂ ಒಪ್ಪಲಿಲ್ಲ. ಇಷ್ಟು ವರ್ಷ ಈ ದೇಶದಲ್ಲಿ ಕಷ್ಟಪಟ್ಟು ಮನೆ ಮಾಡಿಕೊಂಡದ್ದು ಸಿನಿಮಾ ನೋಡಲು ಮಂದಿ ಮನೆಗೆ ಹೋಗುವುದಕ್ಕಲ್ಲ ಎಂದಳು. ತಮ್ಮನ ಮನೆ ಮಂದಿಯ ಮನೆಯೇನು ಎಂದು ನಾನು ಕೇಳಿದ್ದಕ್ಕೆ ಫೋನ್ ಇಟ್ಟಳು. ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಅವಳೇ ಫೋನ್ ಮಾಡಿದಳು.

"ಹೊಂಟೀವಿ ನಾವು. ನನ್ನ ಮನಿ ನನ್ನದಲ್ಲ ಅಂದ ಮ್ಯಾಲ ಎಲ್ಲಿ ನೋಡಿದ್ರೇನು. ನೀನೂ ಬಾ."

ಫ್ಲವರ್ ಮೌಂಡಿನಿಂದ ಆಸ್ಟಿನ್ನಿಗೆ ಹೋಗುವ ಹೆದ್ದಾರಿ ನಾನು ಈ ದೇಶಕ್ಕೆ ಬಂದಾಗಿನಿಂದ ರಿಪೇರಿಯಲ್ಲಿದೆ. ಅದರ ಬಗ್ಗೆ ಬರೆಯುವುದಿಲ್ಲ. ತಮ್ಮನ ಅಪಾರ್ಟ್‌ಮೆಂಟ್ ಇರುವುದು ದ ಡೊಮೇನ್‌ನ ಅಂಗಡಿಗಳ ಮೇಲೆ. ಕೆಳಗೆ ಅಂಗಡಿ, ಮೇಲೆ ಮನೆ. ಹುಬ್ಬಳ್ಳಿಯಲ್ಲಿ ನಾವೂ ಹಾಗೆಯೇ ಇದ್ದೆವು. ಆಗ ಅದನ್ನು ಯಾರೂ ಲೈಫ್‌ಸ್ಟೈಲ್ ಎನ್ನುತ್ತಿರಲಿಲ್ಲ, ಜಾಗ ಸಾಲದು ಎನ್ನುತ್ತಿದ್ದರು.

ಅಕ್ಕ ಮತ್ತು ಭಾವ ನನಗಿಂತ ಮೊದಲೇ ಬಂದಿದ್ದರು. ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಎಲ್ಲ ಹ್ಯೂಸ್ಟನ್ನಿನಿಂದಲೇ ಬಂದಿತ್ತು. ಊಟ ಮುಗಿಸಿದೆವು. ಭಾವ ತಮ್ಮನ ಅಡುಗೆಮನೆಯ ಕಟ್ಟೆಯನ್ನು ಬೆರಳಿನಿಂದ ಬಡಿದು ನೋಡಿ, ಏನೂ ಹೇಳದೆ, ಬೇಕೆಂದೇ ಏನೂ ಹೇಳದೆ, ಬಂದು ಕೂತರು. ಅಕ್ಕ ಸೋಫಾದ ನಡುವೆ, ನಾವಿಬ್ಬರು ಅತ್ತ ಇತ್ತ. ಟಿವಿ ಒಂದೇ, ರಿಮೋಟ್ ಒಂದೇ, ಆದರೂ ಅಕ್ಕ ಎಣಿಸಿದಳು. ಮೂರು ಎಂದಾಗ ತಮ್ಮ ಒತ್ತಿದ. ಟಿವಿ ಯಾರನ್ನೂ ಏನೂ ಕೇಳದೆ ಸಿನಿಮಾ ಶುರು ಮಾಡಿತು. ಅದು ಅಷ್ಟು ಸಲೀಸಾಗಿ ಶುರುವಾದದ್ದು ಕಂಡು ನನಗೆ ಇನ್ನೂ ಸಿಟ್ಟು ಬಂತು.

ಮೊದಲ ದೃಶ್ಯದಲ್ಲೇ ನನಗೆ ಏನೋ ಸರಿಯಿಲ್ಲ ಎನಿಸಿತು. ನಾಯಕಿ ಮಾತಾಡುತ್ತಿದ್ದಳು, ಅವಳಿಗೆ ಹಣೆ ಇರಲಿಲ್ಲ. ಹುಬ್ಬಿನ ಮೇಲೆ ಟಿವಿಯ ಅಂಚು. ಹಳೆಯ ಸಿನಿಮಾದ ಚಿತ್ರ ಹೆಚ್ಚುಕಡಿಮೆ ಚೌಕ, ಈಗಿನ ಟಿವಿ ಅಗಲ. ಹಾಗೇ ತೋರಿಸಿದರೆ ಎರಡೂ ಬದಿಗೆ ಕಪ್ಪು ಪಟ್ಟಿ ಉಳಿಯುತ್ತದೆ. ಕಪ್ಪು ಪಟ್ಟಿ ನೋಡಿದರೆ ಗಿರಾಕಿಗೆ ಏನೋ ಕಡಿಮೆಯಾಯಿತು ಅನಿಸುತ್ತದಂತೆ. ಅದಕ್ಕೆ ಚಿತ್ರವನ್ನು ಹಿಗ್ಗಿಸಿ ಮೇಲಿನದನ್ನೂ ಕೆಳಗಿನದನ್ನೂ ಕತ್ತರಿಸಿ ಬಿಸಾಕಿದ್ದರು. ತಮ್ಮ ರಿಮೋಟನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದ.

ಸ್ಕೂಟರ್ ಓಣಿಗೆ ತಿರುಗಿತು. "ಬಂತು, ಬಂತು," ಎಂದಳು ಅಕ್ಕ, ಪಿಸುದನಿಯಲ್ಲಿ. ಹಿಟ್ಟಿನ ಗಿರಣಿ ಹೋಯಿತು. ಬಳೆ ಅಂಗಡಿ ಹೋಯಿತು. ನಮ್ಮ ಅಂಗಡಿ ಬಂತು. ಅದರ ಕಟ್ಟೆ ಎತ್ತರ, ಮಳೆಗಾಲದಲ್ಲಿ ಓಣಿಯ ನೀರು ನುಗ್ಗದಿರಲೆಂದು. ಕಟ್ಟೆಯ ಮೇಲೆ ನಿಂತವರು ಆದ್ದರಿಂದ ಚಿತ್ರದಲ್ಲೂ ಎತ್ತರದಲ್ಲಿದ್ದರು. ಶಟರ್ ತೆರೆದಿತ್ತು. ಒಬ್ಬ ನಿಂತಿದ್ದ. ತೋಳು ಮಡಚಿದ ಬಿಳಿ ಅಂಗಿ, ಪಾಯಿಜಾಮ. ಕೈ ಅಲ್ಲಾಡಿತು. ಸ್ಕೂಟರ್ ಹತ್ತಿರ ಬಂದಾಗ ಒಂದು ಮೆಟ್ಟಿಲು ಇಳಿದ, ಮೈ ಹೊರಳಿಸಿದ. ಹೆಗಲಿನ ಮೇಲೆ ಏನೂ ಇರಲಿಲ್ಲ. ಅಲ್ಲಿಗೆ ಟಿವಿ ಮುಗಿದಿತ್ತು.

ತಮ್ಮ ಸರಿಯಾಗಿ ಅಲ್ಲಿಯೇ ನಿಲ್ಲಿಸಿದ.

"ಮ್ಯಾಲ ಮಾಡೋ," ಎಂದಳು ಅಕ್ಕ. "ಚಿತ್ರ ಸ್ವಲ್ಪ ಮ್ಯಾಲ ಮಾಡು."

"ಅಷ್ಟ ಐತಿ, ದೊಡ್ಡಕ್ಕ."

"ತಲಿ ಎಲ್ಲಿ?"

"ಕಟ್ ಮಾಡ್ಯಾರ."

"ಯಾಕ?"

ನಾನು ಹೇಳಿದೆ: "ಟಿವಿ ತುಂಬಲಿ ಅಂತ."

ಅಕ್ಕ ಎದ್ದಳು. ಮೊಣಕಾಲು ಹಿಡಿದುಕೊಂಡು ಟಿವಿಯ ಹತ್ತಿರ ಹೋದಳು. ಗೋಡೆಗೆ ಹಾಕಿದ ಆ ಟಿವಿಯ ಕೆಳಗೆ ಬಗ್ಗಿ, ಕುತ್ತಿಗೆ ಹೊರಳಿಸಿ, ಮೇಲಕ್ಕೆ ನೋಡಿದಳು. ತಗ್ಗಾದ ಬಾಗಿಲಿನ ಹೊರಗೆ ನಿಂತವರ ಮುಖ ಕಾಣಲು ಒಳಗಿನವರು ಬಗ್ಗಿ ನೋಡುತ್ತಾರಲ್ಲ, ಹಾಗೆ. ಭಾವ, "ಏ, ಕಾಲು," ಎಂದರು, ಅಷ್ಟಕ್ಕೇ ನಿಂತರು.

"ಇನ್ನೊಮ್ಮೆ ಹಾಕು," ಎಂದಳು ಅಕ್ಕ, ಅಲ್ಲಿಂದಲೇ.

ಹಾಕಿದ. ಇನ್ನೊಮ್ಮೆ ಎಂದಳು. ಎಷ್ಟು ಸಲವೋ ನೆನಪಿಲ್ಲ, ನೆನಪಿದೆ ಎಂದರೆ ನಂಬಬೇಡಿ. ಕೊನೆಗೆ ಅವಳು ಬಂದು ಕೂತು, ಶಾಲು ಸರಿಮಾಡಿಕೊಂಡು, "ಅಪ್ಪನ ಇಂವಾ," ಎಂದಳು.

ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಆ ಓಣಿಯಲ್ಲಿ ಬಿಳಿ ಅಂಗಿ ತೊಡದ ಅಂಗಡಿಯವನೇ ಇರಲಿಲ್ಲ. ಪಕ್ಕದ ಬೀಗದ ಅಂಗಡಿಯವನು ದಿನಾ ನಮ್ಮ ಕಟ್ಟೆಯ ಮೇಲೆಯೇ ನಿಲ್ಲುತ್ತಿದ್ದ. ತಲೆಯಿಲ್ಲದವನನ್ನು ಯಾರೆಂದರೂ ಆಗುತ್ತದೆ. ಇಷ್ಟನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕೂತೆ. ಹೇಳಲಿಲ್ಲ. ಅಕ್ಕನ ಮೇಲಿನ ಪ್ರೀತಿಯಿಂದ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜ ಹೇಳಬೇಕೆಂದರೆ, ಅಪ್ಪ ಎಳೆದು ಬಂದನೆಂದು ನಾನು ಸಾಧಿಸುತ್ತಿದ್ದ ಶಟರ್ ತೆರೆದಿತ್ತಲ್ಲ, ಅದು ನನ್ನ ಬಾಯಿ ಮುಚ್ಚಿಸಿತ್ತು.

ಹೊರಡುವಾಗ ಪಾರ್ಕಿಂಗ್‌ವರೆಗೆ ತಮ್ಮ ಬಂದ.

"ನೀ ಮೊದಲ ನೋಡಿದ್ದಿ," ಎಂದೆ.

"ಇಲ್ಲ."

"ಬರೋಬ್ಬರಿ ಅಲ್ಲೇ ನಿಲ್ಲಿಸಿದಿ."

ಅವನು ಫೋನು ನೋಡುತ್ತ ನಿಂತ. "ಹೇಳಿದ್ರ ದೊಡ್ಡಕ್ಕ ಬರತಿದ್ಲೇನು?" ಎಂದ.

ಅವನ ಕಂಪನಿ ಅವನಿಗೆ ಎಷ್ಟು ಅಂಕ ಕೊಡುತ್ತದೋ ಗೊತ್ತಿಲ್ಲ. ಅವತ್ತು ನಾನು ಕೊಟ್ಟ ಅಂಕವನ್ನು ಆಮೇಲೆ ಬಹಳ ಸಲ ತಿದ್ದಿದ್ದೇನೆ, ಮೇಲಕ್ಕೂ ಕೆಳಕ್ಕೂ.

ಮುಂದಿನ ವಾರ ಸಿನಿಮಾ ಆ್ಯಪ್‌ನಿಂದ ಹೋಯಿತು. ಹೇಳಿದ್ದರು, ಮಾಡಿದರು. ಅದು ಇದ್ದ ಜಾಗದಲ್ಲಿ ನಾಯಿಗಳಿಗೆ ಮನೆ ಕಟ್ಟುವ ಕಾರ್ಯಕ್ರಮವೊಂದು ಬಂತು. ಅಕ್ಕ ಆ ಆ್ಯಪ್ ಬಿಟ್ಟಳು. ಬಿಡುವಾಗ, ಯಾಕೆ ಬಿಡುತ್ತಿದ್ದೀರಿ ಎಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರಗಳಲ್ಲಿ ಅವಳದು ಇರಲಿಲ್ಲವಂತೆ. ಬೇರೆ ಇನ್ನೊಂದು ಹಾಕಿಸಿದ್ದಾಳೆ. ಅದು ಅವಳ ಮನೆಯನ್ನು ಸದ್ಯಕ್ಕೆ ನಂಬುತ್ತದೆ. ಶನಿವಾರ ಮತ್ತೆ ಮೂರು ಮನೆಗಳಲ್ಲಿ ಎಣಿಸುತ್ತೇವೆ. ನನ್ನ ಟನಲ್ ಹಾಗೆಯೇ ಇದೆ. ಶನಿವಾರ ಮಧ್ಯಾಹ್ನ ಆರಿಸುತ್ತೇನೆ, ಸಿನಿಮಾ ಮುಗಿದ ಮೇಲೆ ಹಚ್ಚುತ್ತೇನೆ. ದೇವರ ಕೋಣೆಗೆ ಹೋಗುವ ಮೊದಲು ಚಪ್ಪಲಿ ಬಿಟ್ಟ ಹಾಗೆ. ಅಷ್ಟು ಭಕ್ತಿಗೆ ಯೋಗ್ಯವಾದ ಯಾವುದೂ ಆ ಪೆಟ್ಟಿಗೆಯಲ್ಲಿ ಇಲ್ಲ.

ಒಂದು ಸಿನಿಮಾದ ನಡುವೆ ಮಾತಿಗೆ ಮಾತು ಬಂದು, ಕಟ್ಟೆಯ ಮೇಲಿನ ಆ ಮನುಷ್ಯನ ಕೈಯಲ್ಲಿ ಏನಿತ್ತು ಎಂಬುದು ಎದ್ದಿತು. ಸುರುಳಿ ಮಾಡಿದ ಪೇಪರು ಎಂದಳು ಅಕ್ಕ. ಅಳತೆಯ ಟೇಪು ಎಂದ ತಮ್ಮ. ಏನೂ ಇರಲಿಲ್ಲ, ಅಂಗಿಗೆ ಕೈ ಒರೆಸಿಕೊಳ್ಳುತ್ತಿದ್ದ ಎಂದೆ ನಾನು. ಒಂದೇ ಸೋಫಾ, ಒಂದೇ ಟಿವಿ, ಒಂದೇ ಎಣಿಕೆ. ಯಾರೂ ಮೊದಲೇ ನೋಡದಿದ್ದರೆ ಎಲ್ಲರೂ ಒಂದೇ ನೋಡುತ್ತಾರೆ ಎಂದು ನಂಬಿದ್ದ ನಾವು ಎಂಥ ಮೂರ್ಖರು. ಈಗ ತೆಗೆದು ನೋಡೋಣ ಎಂದರೆ ಸಿನಿಮಾ ಇಲ್ಲ.

ಕೆಲವು ವಾರಗಳ ಮೇಲೆ ಡಲ್ಲಾಸಿನ ಪಕ್ಕದ ಮರ್ಫಿಯಲ್ಲಿ ಒಬ್ಬರ ಗೃಹಪ್ರವೇಶಕ್ಕೆ ಅಕ್ಕ ಬಂದಿದ್ದಳು, ನಾನೂ ಹೋಗಿದ್ದೆ. ಊಟದ ಸಾಲಿನಲ್ಲಿ ನಿಂತು ಅಕ್ಕ ಧಾರವಾಡದ ಕಡೆಯ ಒಬ್ಬ ಆಂಟಿಗೆ ಹೇಳುತ್ತಿದ್ದಳು. "ನಮ್ಮ ಅಪ್ಪ ಸಿನಿಮಾದಾಗ ಬಂದಾನ್ರಿ. ಸ್ಕೂಟರ್ ಹೋಗತೈತಿ, ಇಂವಾ ಹಿಂಗ ಮೆಟ್ಟಿಲ ಇಳದು, ಹಿಂಗ ಹೊಳ್ಳಿ ನೋಡಿದ. ಮಾರಿ ಮ್ಯಾಲ ಬಿಸಲ ಬಿದ್ದಿತ್ತು. ನಗಾಕತ್ತಿದ್ದ."

ಅವಳ ಕೈಯಲ್ಲಿ ತಟ್ಟೆ ಇತ್ತು. ಆ ತಟ್ಟೆಯ ಸಮೇತ ಅವಳು ಹೊರಳಿ ತೋರಿಸಿದಳು. ಸುಳ್ಳು ಹೇಳುವವರ ಕಣ್ಣು ಹಾಗಿರುವುದಿಲ್ಲ. ಟಿವಿಯ ಅಂಚಿನ ಕೆಳಗೆ ಬಗ್ಗಿ ನೋಡಿದಾಗ ಅವಳಿಗೆ ಅದು ಕಂಡಿತ್ತು, ಅಥವಾ ಹ್ಯೂಸ್ಟನ್ನಿಗೆ ಮರಳುವ ದಾರಿಯಲ್ಲಿ.

"ಹೌದೇನ್ರಿ? ನೀವೂ ನೋಡೀರಿ?" ಆಂಟಿ ನನ್ನತ್ತ ತಿರುಗಿ ಕೇಳಿದರು.

"ಹೌದ್ರಿ," ಎಂದೆ.

ಅಷ್ಟು ಹೇಳಿದ್ದೇ ತಪ್ಪಾಯಿತು. ಅವತ್ತಿನಿಂದ ನನಗೂ ಆ ಮುಖ ಕಾಣತೊಡಗಿದೆ, ಬಿಸಿಲು, ನಗು, ಎಲ್ಲ ಸಮೇತ. ನಾನೇ ತಿರಸ್ಕರಿಸುವಷ್ಟು ಚೊಕ್ಕವಾಗಿ. ಕಟ್ಟೆಯ ಮೇಲೆ ನಗುತ್ತ ನಿಂತವನು ಅವನಾದರೆ, ಅವತ್ತು ಮಧ್ಯಾಹ್ನ ಮನೆಯಲ್ಲಿ ನಾನು ತಾಟು ಹಾಕಿದ್ದು ಯಾರಿಗೆ?